ಮೈ ಇಳಿದರೆ ಕಣ್ಣು ಉಳಿಯುತ್ತದೆಯೇ?

ಪ್ರಶ್ನೆ: ನನಗೆ 54 ವರ್ಷ, ಹಾವೇರಿಯಲ್ಲಿ ಕಿರಾಣಿ ಅಂಗಡಿ ಇದೆ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಎರಡು ವರ್ಷಗಳಲ್ಲಿ 71 ಕಿಲೋದಿಂದ 60ಕ್ಕೆ ಇಳಿದಿದ್ದೇನೆ. ಕಣ್ಣು ಕೆಡುವುದು ದಪ್ಪಗಿದ್ದವರಿಗೆ ಎನ್ನುತ್ತಾರೆ. ಹಾಗಾದರೆ ನಾನು ಪಾರಾದಂತೆಯೇ?

ಉತ್ತರ: ಇಲ್ಲ. ತಕ್ಕಡಿ ನೋಡಿ ಕಣ್ಣಿನ ಲೆಕ್ಕ ಹಾಕಲು ಬರುವುದಿಲ್ಲ.

ತೂಕವನ್ನು ನೀವು ಇಳಿಸಿದಿರೋ, ಅದೇ ಇಳಿಯಿತೋ? ಅದನ್ನೇ ನೀವು ಬರೆದಿಲ್ಲ. ದಿನಾ ನಡೆದು, ಅನ್ನ ಕಡಿಮೆ ಮಾಡಿ ಇಳಿಸಿದ್ದರೆ ಸಂತೋಷ. ರೊಟ್ಟಿ ಮೊದಲಿನಷ್ಟೇ ತಿನ್ನುತ್ತಾ, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾ ಇಳಿದಿದ್ದರೆ ಸಕ್ಕರೆ ಹತೋಟಿ ತಪ್ಪಿರಬಹುದು. ತಿಂದದ್ದು ಮೈಗೆ ಹತ್ತದೆ ಮೂತ್ರದಲ್ಲಿ ಹೋಗುತ್ತದೆ; ದೇಹ ತನ್ನ ಕೊಬ್ಬು, ಮಾಂಸವನ್ನೇ ಉರಿಸಿಕೊಳ್ಳುತ್ತದೆ. ಹೀಗೆ ತೆಳ್ಳಗಾದವರ ಕಣ್ಣಿಗೇ ಅಪಾಯ ಹೆಚ್ಚು.

ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಅವು ಸೋರುತ್ತವೆ, ಕೆಲವು ಮುಚ್ಚಿಕೊಳ್ಳುತ್ತವೆ. ಆಮೇಲೆ ಹುಟ್ಟುವ ಹೊಸ ನಾಳಗಳು ದುರ್ಬಲ. ಒಡೆದರೆ ಕಣ್ಣೊಳಗೆ ರಕ್ತ. ನೋವಿಲ್ಲದ ಕಾಯಿಲೆ ಇದು. ಮಂಜಾದಾಗ ಚಾಳೀಸು ಬಂತು, ಪೊರೆ ಬಂತು ಎಂದುಕೊಂಡು ಕಾಲ ಕಳೆಯುವವರೇ ಹೆಚ್ಚು. ಕಾಯಿಲೆಗೆ ಎಷ್ಟು ವರ್ಷವಾಯಿತು, ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) ಎಷ್ಟು, ಬಿ.ಪಿ. ಎಷ್ಟು, ಮೂತ್ರಪಿಂಡ ಹೇಗಿದೆ ಎಂಬುದೇ ಇಲ್ಲಿ ನಿರ್ಣಾಯಕ.

ತೂಕಕ್ಕೆ ಪಾತ್ರವೇ ಇಲ್ಲವೆಂದಲ್ಲ. ಬೊಜ್ಜು ಸಕ್ಕರೆಯನ್ನೂ ಬಿ.ಪಿ.ಯನ್ನೂ ಏರಿಸುತ್ತದೆ. ಆದರೆ ತೂಕಕ್ಕೂ ಕಣ್ಣಿಗೂ ನೇರ ನಂಟಿದೆಯೇ ಎಂದು ಹುಡುಕಿದ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ. ಏಷ್ಯಾದ ಕೆಲವು ಅಧ್ಯಯನಗಳಲ್ಲಿ ತೆಳ್ಳಗಿದ್ದವರಲ್ಲೇ ತೊಂದರೆ ಹೆಚ್ಚು ಕಂಡಿದೆ. ನಮ್ಮವರಲ್ಲಿ ತೂಕಕ್ಕಿಂತ ಸೊಂಟದ ಅಳತೆ ಹೆಚ್ಚು ಹೇಳುತ್ತದೆ: ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

ಇನ್ನೊಂದು ಮಾತು. ಬಹಳ ದಿನ ಏರಿದ್ದ ಸಕ್ಕರೆಯನ್ನು ಸರ್ರನೆ ಇಳಿಸಿದರೆ, ಮೊದಲೇ ಕೆಟ್ಟಿದ್ದ ಅಕ್ಷಿಪಟಲ ಕೆಲಕಾಲ ಇನ್ನಷ್ಟು ಹದಗೆಡಬಹುದು. ಹಾಗೆಂದು ಔಷಧ ಬಿಡಬೇಡಿ. ಆದರೆ ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದನ್ನೋ ಇನ್ಸುಲಿನ್ನನ್ನೋ ಶುರುಮಾಡುವ ಮೊದಲು ಕಣ್ಣು ತೋರಿಸಿಕೊಳ್ಳಿ.

ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ತೋರಿಸಿಲ್ಲವೆಂದರೆ ಈ ವಾರವೇ ಹೋಗಿ; ಆಮೇಲೆ ವರ್ಷಕ್ಕೊಮ್ಮೆಯಾದರೂ. ಕನ್ನಡಕದ ಅಂಗಡಿಯ ಅಕ್ಷರ ಓದಿಸುವ ಪರೀಕ್ಷೆ ಸಾಲದು, ಹನಿ ಹಾಕಿ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡಬೇಕು. ಹನಿ ಹಾಕಿದ ಮೇಲೆ ಕೆಲವು ಗಂಟೆ ಬಿಸಿಲು ಚುಚ್ಚುತ್ತದೆ, ಹತ್ತಿರದ್ದು ಮಂಜು. ಹುಬ್ಬಳ್ಳಿಗೇ ಬರುವುದಾದರೆ ಬೈಕ್ ಬೇಡ, ಬಸ್ಸಿಗೆ ಬನ್ನಿ. ಮಗನನ್ನೋ ಅಳಿಯನನ್ನೋ ಜೊತೆಗೆ ಕರೆದುಕೊಳ್ಳಿ.