ಟಿವಿ ಮುಖ ನೋಡಿ ಓಟು ಬಿತ್ತಾ? ನೊಯೆಲ್ ಮಾಮೇರ್ ಕಥೆ

ಪ್ರಶ್ನೆ: ಫ್ರಾನ್ಸ್‌ನ ನೊಯೆಲ್ ಮಾಮೇರ್ ಟಿವಿಯಲ್ಲಿ ವಾರ್ತೆ ಓದುತ್ತಿದ್ದವರು. ಆಮೇಲೆ ಪರಿಸರವಾದಿಗಳ ಹಸಿರು ಪಕ್ಷದಿಂದ ಅಧ್ಯಕ್ಷ ಚುನಾವಣೆಗೂ ನಿಂತರು. ಅವರ ರಾಜಕೀಯವೆಲ್ಲ ಟಿವಿಯಲ್ಲಿ ಕಂಡ ಮುಖದ ಬಲದಿಂದ ನಡೆದದ್ದು ತಾನೇ?

ಉತ್ತರ: ಶುರುವಿನಲ್ಲಿ ಆ ಮುಖ ಖಂಡಿತ ನೆರವಾಯಿತು. 1980ರ ದಶಕದಲ್ಲಿ ಸರ್ಕಾರಿ ಚಾನೆಲ್ ಆಂತೆನ್ 2ರಲ್ಲಿ ಮಧ್ಯಾಹ್ನದ ವಾರ್ತೆ ಹೇಳುತ್ತಿದ್ದವರು ಮಾಮೇರ್. ಊಟದ ಹೊತ್ತಿಗೆ ಮನೆಮನೆಯಲ್ಲೂ ಕಾಣುತ್ತಿದ್ದ ಮುಖ. ಮಾನವ ಹಕ್ಕುಗಳ ಬಗ್ಗೆ ಒಂದು ಕಾರ್ಯಕ್ರಮವನ್ನೂ ನಡೆಸುತ್ತಿದ್ದರು. ಹುಟ್ಟಿದ್ದು 1948ರ ಡಿಸೆಂಬರ್ 25ಕ್ಕೆ. ಫ್ರೆಂಚಿನಲ್ಲಿ ನೊಯೆಲ್ ಅಂದ್ರೆ ಕ್ರಿಸ್‌ಮಸ್, ಹೆಸರು ಬಂದದ್ದು ಹಾಗೆ.

ಆದರೆ ಮುಖ ಒಂದೇ ಸಾಕಾಗಿದ್ದರೆ 2001ರಲ್ಲಿ ಅವರದೇ ಪಕ್ಷದವರು ಅವರನ್ನು ಬಿಟ್ಟು ಅರ್ಥಶಾಸ್ತ್ರಜ್ಞ ಅಲೆಂ ಲಿಪಿಯೆತ್ಸ್ ಅವರನ್ನು ಅಭ್ಯರ್ಥಿಯಾಗಿ ಆರಿಸುತ್ತಿರಲಿಲ್ಲ, ಅಲ್ವಾ? ಲಿಪಿಯೆತ್ಸ್ ಮಾತು ವಿವಾದವಾಗಿ ಅವರನ್ನು ಇಳಿಸಬೇಕಾಗಿ ಬಂದಾಗಲೇ ಮಾಮೇರ್ ಸರದಿ ಬಂದದ್ದು. 2002ರ ಏಪ್ರಿಲ್‌ನಲ್ಲಿ ಅವರಿಗೆ ಶೇ 5.25 ಮತ ಬಿತ್ತು. ಕಡಿಮೆ ಅನಿಸಬಹುದು. ಆದರೆ ಫ್ರಾನ್ಸ್‌ನ ಅಧ್ಯಕ್ಷ ಚುನಾವಣೆಯಲ್ಲಿ ಹಸಿರು ಅಭ್ಯರ್ಥಿಯೊಬ್ಬರು 2022ರವರೆಗೂ ಅದನ್ನು ದಾಟಿಲ್ಲ. ಶೇ 5 ಮುಟ್ಟಿದರೆ ಪ್ರಚಾರದ ಖರ್ಚಿನ ದೊಡ್ಡ ಪಾಲು ಸರ್ಕಾರದಿಂದ ವಾಪಸ್ ಸಿಗುತ್ತದೆ. 2022ರಲ್ಲಿ ಹಸಿರು ಅಭ್ಯರ್ಥಿ ಯಾನಿಕ್ ಜಾದೊ ಶೇ 4.63ಕ್ಕೆ ನಿಂತರು. ಆ ಚೂರು ಕೊರತೆಗೆ ಪಕ್ಷ ಜನರ ಮುಂದೆ ಕೈಚಾಚಬೇಕಾಯಿತು.

ಈ ಮನುಷ್ಯನನ್ನು ಅರ್ಥ ಮಾಡಿಕೊಳ್ಳಬೇಕಾದರೆ ಪ್ಯಾರಿಸ್ ಬಿಟ್ಟು ಬೆಗ್ಲ್‌ಗೆ ಹೋಗಬೇಕು ಅಂತ ನನಗನಿಸುತ್ತದೆ. ಬೋರ್ಡೋ ನಗರದ ಮಗ್ಗುಲಲ್ಲಿರುವ ಪುಟ್ಟ ಊರು, ರಗ್ಬಿಗೆ ಹೆಸರುವಾಸಿ. 1989ರಿಂದ 2017ರವರೆಗೆ, ಅಂದ್ರೆ 28 ವರ್ಷ, ಮಾಮೇರ್ ಅಲ್ಲಿನ ಮೇಯರ್. ಟಿವಿ ಮುಖಕ್ಕೆ ಜನ ಒಂದು ಸಲ ಓಟು ಹಾಕಬಹುದು. 28 ವರ್ಷ ಹಾಕುವುದಿಲ್ಲ. 1997ರಿಂದ ಸಂಸತ್ತಿನಲ್ಲೂ ಇದ್ದರು. ಪಕ್ಷಗಳನ್ನು ಮಾತ್ರ ಬದಲಾಯಿಸುತ್ತಲೇ ಹೋದರು, 2013ರಲ್ಲಿ ಹಸಿರು ಪಕ್ಷವನ್ನೂ ಬಿಟ್ಟರು.

ಬಾಯಿ ಕಟ್ಟಿ ಕೂರುವ ಜಾಯಮಾನ ಅವರದಲ್ಲ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರದ ದುರಂತವಾದಾಗ ಫ್ರಾನ್ಸ್‌ನ ವಿಕಿರಣ ರಕ್ಷಣಾ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಪಿಯೆರ್ ಪೆಲೆರೆಂ. ಆ ವಿಷಮೋಡ ದೇಶದ ಗಡಿ ದಾಟಲಿಲ್ಲ ಅಂತ ಅವರು ಹೇಳುತ್ತಲೇ ಇದ್ದರು ಎಂದು 1999ರಲ್ಲಿ ಮಾಮೇರ್ ಟಿವಿಯಲ್ಲಿ ಕಟುವಾಗಿ ಟೀಕಿಸಿದರು. ಮಾನನಷ್ಟ ಮೊಕದ್ದಮೆ ಬಿತ್ತು, 10,000 ಫ್ರಾಂಕ್ ದಂಡವೂ ಆಯಿತು. ಅವರು ಸುಮ್ನೆ ಕೂರಲಿಲ್ಲ. 2006ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಆ ಶಿಕ್ಷೆ ವಾಕ್ ಸ್ವಾತಂತ್ರ್ಯದ ಉಲ್ಲಂಘನೆ ಎಂದು ತೀರ್ಪು ಕೊಟ್ಟಿತು.

ಇನ್ನೊಂದು ದಿನ, 2004ರ ಜೂನ್ 5. ಫ್ರಾನ್ಸ್‌ನಲ್ಲಿ ಕಾನೂನಿನ ಮದುವೆ ನಡೆಯುವುದು ಊರಿನ ಪುರಭವನದಲ್ಲಿ. ಮೇಯರ್ ನೀಲಿ, ಬಿಳಿ, ಕೆಂಪು ಬಣ್ಣದ ಪಟ್ಟಿ ಧರಿಸಿ ನಡೆಸಿಕೊಡುತ್ತಾರೆ. ಅವತ್ತು ಬೆಗ್ಲ್‌ನಲ್ಲಿ ಮೇಯರ್ ಎದುರು ನಿಂತವರು ಇಬ್ಬರು ಗಂಡಸರು. ಬೇರೆ ಬೇರೆ ಲಿಂಗದವರೇ ಮದುವೆಯಾಗಬೇಕು ಅಂತ ನಾಗರಿಕ ಸಂಹಿತೆಯಲ್ಲಿ ಎಲ್ಲೂ ನೇರವಾಗಿ ಬರೆದಿಲ್ಲ ಎಂಬುದು ಮಾಮೇರ್ ವಾದ. ಪತ್ರಕರ್ತನ ಓದು ಅದು: ಕಾಗದದಲ್ಲಿ ಏನಿದೆ, ಏನಿಲ್ಲ ಅಂತ ನೋಡುವುದು. ದೇಶದಲ್ಲಿ ಅಂಥ ಮದುವೆ ಅದೇ ಮೊದಲು.

ಮಾಮೇರ್ ಅವರನ್ನು ಗೃಹ ಮಂತ್ರಿ ದೊಮಿನಿಕ್ ದ ವಿಲ್ಪೆಂ ಮೇಯರ್ ಹುದ್ದೆಯಿಂದ ಒಂದು ತಿಂಗಳು ಅಮಾನತು ಮಾಡಿದರು. ಜುಲೈನಲ್ಲಿ ಬೋರ್ಡೋ ನ್ಯಾಯಾಲಯ ಮದುವೆಯನ್ನು ರದ್ದುಮಾಡಿತು, 2007ರಲ್ಲಿ ದೇಶದ ಅತ್ಯುನ್ನತ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನನಗಂತೂ ಅವರ ಇಡೀ ಬದುಕಿನಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಸೋಲುವುದು ಗೊತ್ತಿದ್ದೂ ಸಹಿ ಹಾಕಿದರು. 2013ರ ಮೇ ತಿಂಗಳಲ್ಲಿ ಸಲಿಂಗ ಮದುವೆ ಕಾನೂನಾದಾಗಲೂ ಬೆಗ್ಲ್‌ನ ಮೇಯರ್ ಅವರೇ.