ಅಫ್ಜಲ್ ಖಾನ್ ನಿಜವಾಗಿಯೂ 63 ಹೆಂಡತಿಯರನ್ನು ಕೊಂದನಾ?

ಓದುಗರ ಪ್ರಶ್ನೆ: ವಿಜಯಪುರದ ಸಾಠ್ ಕಬರ್‌ನಲ್ಲಿ ಇರೋದೆಲ್ಲ ಅಫ್ಜಲ್ ಖಾನನ ಹೆಂಡತಿಯರ ಗೋರಿಗಳಂತೆ. ಯುದ್ಧಕ್ಕೆ ಹೋಗುವ ಮುಂಚೆ ಒಬ್ಬೊಬ್ಬರನ್ನೇ ಬಾವಿಗೆ ತಳ್ಳಿ ಕೊಂದನಂತೆ. ಇದು ನಿಜವಾ, ಇಲ್ಲಾ ಗೈಡ್‌ಗಳು ಕಟ್ಟಿದ ಕಥೆಯಾ?

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಮನೆಗೆ ಯಾರೇ ನೆಂಟರು ಬಂದರೂ ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಿ ಬಂದು ರಾತ್ರಿ ಊಟಕ್ಕೆ ಕೂತಾಗ ಇದನ್ನೇ ಕೇಳುತ್ತಾರೆ. ಮೊದಲೇ ಹೇಳಿಬಿಡುತ್ತೇನೆ. ಗೋರಿಗಳು ನಿಜ. ಅವು ಹೆಂಗಸರ ಗೋರಿಗಳು ಅನ್ನೋದೂ ಹೆಚ್ಚುಕಡಿಮೆ ನಿಜ. ಖಾನ ಅವರನ್ನು ಕೊಂದ ಅನ್ನೋದಕ್ಕೆ ಮಾತ್ರ ಅಲ್ಲಿ ಒಂದಕ್ಷರದ ಪುರಾವೆ ಇಲ್ಲ. ಹಾಗಂತ ಗೈಡ್‌ಗಳು ಕಟ್ಟಿದ್ದು ಅನ್ನೋ ಹಾಗೂ ಇಲ್ಲ. ಕಥೆ ಗೈಡ್‌ಗಳಿಗಿಂತ ತುಂಬಾ ಹಳೇದು.

ಊರಲ್ಲಿ ಹೇಳುವ ಕಥೆ ಇಷ್ಟು. 1659ರಲ್ಲಿ ಶಿವಾಜಿಯನ್ನು ಹಿಡಿಯಲು ವಿಜಯಪುರದ ಆದಿಲಶಾಹಿ ದರ್ಬಾರು ತನ್ನ ಸರದಾರ ಅಫ್ಜಲ್ ಖಾನನನ್ನು ಕಳಿಸಿತು. ಹೊರಡುವ ಮುಂಚೆ ಜ್ಯೋತಿಷಿಗಳು, 'ನೀನು ಜೀವಂತ ವಾಪಸ್ ಬರೋದಿಲ್ಲ' ಅಂದರು. ಖಾನ ತನ್ನ ಗೋರಿಯನ್ನು ತಾನೇ ಕಟ್ಟಿಸಿದ. ತಾನು ಸತ್ತ ಮೇಲೆ ಹೆಂಡತಿಯರು ಬೇರೆಯವರ ಪಾಲಾಗಬಾರದು ಅಂತ ಎಲ್ಲರನ್ನೂ ಬಾವಿಗೆ ನೂಕಿಸಿದ. ಒಬ್ಬಳು ತಪ್ಪಿಸಿಕೊಂಡು ಓಡಿದಳು, ಅವಳನ್ನೂ ಹಿಡಿದು ಕೊಂದರು. ಜ್ಯೋತಿಷಿಗಳ ಮಾತು ಸುಳ್ಳಾಗಲಿಲ್ಲ. 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಶಿವಾಜಿಯ ಕೈಯಲ್ಲಿ ಖಾನ ಸತ್ತ. ಅವನನ್ನು ಅಲ್ಲೇ ಮಣ್ಣು ಮಾಡಿದರು. ಇಲ್ಲಿ ಕಟ್ಟಿಸಿಕೊಂಡ ಗೋರಿ ಖಾಲಿ ಉಳಿಯಿತು.

ಈಗ ಜಾಗಕ್ಕೆ ಬರೋಣ. ಊರಿಂದ ಪಶ್ಚಿಮಕ್ಕೆ ಸುಮಾರು ಐದು ಕಿಲೋಮೀಟರ್. ನಾನು ಮೊದಲ ಸಲ ಹೋದಾಗ ಆಟೋದವರಿಗೆ 'ಸಾತ್ ಕಬರ್' ಅಂದಿದ್ದೆ. ಅವರು ತಿರುಗಿ ನೋಡಿ, 'ಸಾತ್ ಅಲ್ರೀ, ಸಾಠ್. ಏಳಲ್ಲ, ಅರವತ್ತ' ಅಂದರು. ಈ ಗೊಂದಲ ಬೋರ್ಡುಗಳಲ್ಲೂ ಇದೆ, ಬರಹಗಳಲ್ಲೂ ಇದೆ. ತಮಾಷೆ ಅಂದರೆ ಅಲ್ಲಿರೋದು ಏಳೂ ಅಲ್ಲ, ಸರಿಯಾಗಿ ಅರವತ್ತೂ ಅಲ್ಲ. 63 ಅಂತ ಒಂದು ಲೆಕ್ಕ, ಬಾಯಿ ತೆರೆದ ಖಾಲಿ ಗುಂಡಿಯನ್ನೂ ಸೇರಿಸಿದರೆ 64.

ಹೋಗಿ ನಿಂತರೆ ಮೊದಲು ಕಣ್ಣಿಗೆ ಬೀಳೋದು ಸಾಲುಗಳು. ಕರಿಕಲ್ಲಿನ ಗೋರಿಗಳು, ಒಂದರಿಂದ ಇನ್ನೊಂದಕ್ಕೆ ಒಂದೇ ಅಂತರ, ಒಂದೇ ಅಳತೆ, ಒಂದೇ ಅಚ್ಚು. ಮಾಮೂಲಿ ಖಬರಸ್ತಾನದಲ್ಲಿ ಹೀಗಿರೋದಿಲ್ಲ. ಅಲ್ಲಿ ಒಂದು ದೊಡ್ಡದು, ಒಂದು ಸಣ್ಣದು, ನಡುವೆ ಒಂದು ಮಗುವಿನದು ಇರುತ್ತೆ. ಜನ ಒಬ್ಬೊಬ್ಬರಾಗಿ ಸಾಯುತ್ತಾರೆ, ಗೋರಿಗಳೂ ಒಂದೊಂದಾಗಿ ಏಳುತ್ತವೆ. ಇಲ್ಲಿ ಹಾಗಲ್ಲ, ಯಾರೋ ಹಗ್ಗ ಹಿಡಿದು ಅಳೆದು ಇಟ್ಟ ಹಾಗಿದೆ. ಎಲ್ಲರೂ ಒಟ್ಟಿಗೇ ಸತ್ತಿರಬೇಕು ಅಂತ ಜನರಿಗೆ ಅನಿಸೋದು ಇದರಿಂದಲೇ. ನನಗೂ ಮೊದಲ ಸಲ ಹಾಗೇ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಹೆಂಗಸರದ್ದು ಅಂತ ಹೇಗೆ ಗೊತ್ತು? ಅದಕ್ಕೆ ಗೋರಿಯ ಬೆನ್ನು ನೋಡಬೇಕು. ನಮ್ಮ ಕಡೆಯ ಹಳೇ ಮುಸ್ಲಿಂ ಗೋರಿಗಳಲ್ಲಿ ಗಂಡಸರದ್ದಾದರೆ ಮೇಲೆ ಉದ್ದಕ್ಕೆ ಉಬ್ಬಿದ ದಿಂಡು ಇರುತ್ತೆ. ಅದನ್ನು ಕಲಮದಾನ್ ಅನ್ನುತ್ತಾರೆ, ಲೇಖನಿ ಇಡುವ ಪೆಟ್ಟಿಗೆ. ಹೆಂಗಸರದ್ದಾದರೆ ಮೇಲ್ಭಾಗ ಚಪ್ಪಟೆ. ಅದು ತಖ್ತಿ, ಅಂದರೆ ಬರೆಯುವ ಹಲಗೆ. ಸಾಠ್ ಕಬರ್‌ನ ಗೋರಿಗಳು ಚಪ್ಪಟೆ. ಕೈ ಇಟ್ಟು ಸವರಿದರೆ ಮಳೆ ಬಿಸಿಲಿಗೆ ಸವೆದ ನುಣುಪು ಸಿಗುತ್ತೆ, ಅಕ್ಷರ ಸಿಗೋದಿಲ್ಲ. ಹಲಗೆ ಅಂತ ಹೆಸರು, ಅದರ ಮೇಲೆ ಯಾರ ಹೆಸರೂ ಇಲ್ಲ.

ಇನ್ನು ಕಥೆಯ ವಯಸ್ಸು. ಖಾನ ಸತ್ತ ಹತ್ತು-ಹದಿನೈದು ವರ್ಷದೊಳಗೇ ಆಬೆ ಕಾರೆ ಅನ್ನೋ ಫ್ರೆಂಚ್ ಪಾದ್ರಿ ಭಾರತದಲ್ಲಿ ಓಡಾಡುತ್ತಿದ್ದ. ಅವನ ಬರಹದಲ್ಲಿ ಈ ಕಥೆ ಬರುತ್ತೆ. ಖಾನನಿಗೆ ಹೊಟ್ಟೆಕಿಚ್ಚು ಜಾಸ್ತಿ, ಯುದ್ಧಕ್ಕೆ ಹೊರಡುವ ಮುಂಚೆ ಜನಾನಾದ, ಅಂದರೆ ಅಂತಃಪುರದ, ಹೆಂಗಸರನ್ನು ಕೊಲ್ಲಿಸಿದ ಅಂತ. ಎಷ್ಟು ಜನ ಅಂತೀರಿ? 200! ನೋಡಿ, ಅಷ್ಟು ಹೊತ್ತಿಗಾಗಲೇ ಸುದ್ದಿ ದೇಶ ಸುತ್ತುತ್ತಿತ್ತು. ಸುದ್ದಿ ಇತ್ತು ಅಂದ ಮಾತ್ರಕ್ಕೆ ಘಟನೆ ನಡೆದಿತ್ತು ಅಂತ ಅಲ್ಲ. ಆದರೆ ಬೆಂಕಿ ಇಲ್ಲದೆ ಇಷ್ಟು ಬೇಗ ಇಷ್ಟು ಹೊಗೆ ಎಲ್ಲಿಂದ ಬಂತು ಅನ್ನೋ ಅನುಮಾನವನ್ನು ಸುಮ್ನೆ ತಳ್ಳಿಹಾಕೋಕೂ ಆಗೋದಿಲ್ಲ.

ಈಗ ಕಥೆ ಎಲ್ಲೆಲ್ಲಿ ಕುಂಟುತ್ತೆ ನೋಡೋಣ.

ಜ್ಯೋತಿಷಿ ಹೇಳಿದ ಮೇಲೆ ಗೋರಿ ಕಟ್ಟಿಸಿದ ಅನ್ನೋ ಮಾತು ನನಗೆ ಒಪ್ಪಿಗೆ ಆಗೋದಿಲ್ಲ. ಖಾನನ ಅರಮನೆಯಿದ್ದ ಟಕ್ಕೆ ಭಾಗದಲ್ಲಿ ಅವನ ಮಸೀದಿ ಇನ್ನೂ ನಿಂತಿದೆ, ಎರಡು ಅಂತಸ್ತಿನದು. ಪಕ್ಕದಲ್ಲೇ ಆ ಖಾಲಿ ಗೋರಿ. ಮಸೀದಿಯ ಕಾಲ 1653. ಅಂದರೆ ಪ್ರತಾಪಗಡಕ್ಕಿಂತ ಆರು ವರ್ಷ ಮೊದಲೇ ಇಲ್ಲಿ ಕಟ್ಟಡದ ಕೆಲಸ ನಡೆದಿತ್ತು. ಬದುಕಿರುವಾಗಲೇ ಗೋರಿ ಕಟ್ಟಿಸೋದು ಆ ಕಾಲದ ವಿಜಯಪುರದಲ್ಲಿ ಅಪಶಕುನವೂ ಅಲ್ಲ, ಅಪರೂಪವೂ ಅಲ್ಲ. ಮುಹಮ್ಮದ್ ಆದಿಲಶಾಹ ಬದುಕಿದ್ದಾಗಲೇ ಗೋಳಗುಮ್ಮಟ ಏಳುತ್ತಿತ್ತು. ಎರಡನೇ ಅಲಿ ಆದಿಲಶಾಹನ ಬಾರಾ ಕಮಾನ್ ನೀವು ನೋಡೇ ಇರುತ್ತೀರಿ. ಅವನು 1672ರಲ್ಲಿ ತೀರಿಕೊಂಡ, ಕಮಾನುಗಳು ಇವತ್ತಿಗೂ ಅರ್ಧಕ್ಕೇ ನಿಂತಿವೆ. ದುಡ್ಡಿದ್ದವರು ತಮ್ಮ ಗೋರಿಯನ್ನು ತಾವೇ ನಿಂತು ಕಟ್ಟಿಸುತ್ತಿದ್ದರು, ಈಗಿನವರು ಸೈಟು ತಗೊಂಡು ಮನೆ ಕಟ್ಟಿಸೋ ಹಾಗೆ. ಖಾನನ ಗೋರಿ ಖಾಲಿ ಉಳಿದದ್ದರಿಂದ ಅದಕ್ಕೊಂದು ಭವಿಷ್ಯವಾಣಿ ಅಂಟಿಕೊಂಡಿತು ಅಂತ ನನ್ನ ಊಹೆ. ಅವನು ವಾಪಸ್ ಬಂದು ಮುದುಕನಾಗಿ ಸತ್ತು ಅಲ್ಲೇ ಮಲಗಿದ್ದರೆ ಜ್ಯೋತಿಷಿಗಳ ಸುದ್ದಿ ಯಾರಿಗೂ ಬೇಕಾಗುತ್ತಿರಲಿಲ್ಲ.

ಇನ್ನೊಂದು ಕಡೆ ಕಥೆ ಇನ್ನೂ ಜೋರಾಗಿ ಎಡವುತ್ತೆ. ಪ್ರತಾಪಗಡದಲ್ಲಿ ಖಾನ ಸತ್ತ ಮೇಲೆ ಅವನ ಮಗ ಫಾಜಲ್ ಖಾನ್ ಕೊಯ್ನಾ ಹೊಳೆ ದಂಡೆಯ ಕಳ್ಳದಾರಿ ಹಿಡಿದು ಕರಾಡ ಕಡೆ ತಪ್ಪಿಸಿಕೊಂಡ. ಅವನ ಜೊತೆ ಖಾನನ ಜನಾನಾದ ಹೆಂಗಸರೂ ಇದ್ದರು ಅಂತ ಆ ಯುದ್ಧದ ಚರಿತ್ರೆಯಲ್ಲಿ ಬರುತ್ತೆ. ಎಲ್ಲರನ್ನೂ ಇಲ್ಲೇ ಬಾವಿಗೆ ನೂಕಿದ್ದರೆ ಅಲ್ಲಿಗೆ ಹೋದವರು ಯಾರು? 'ಎಲ್ಲ ಹೆಂಡತಿಯರು' ಅನ್ನೋ ಮಾತು ಇಲ್ಲಿಗೆ ಮುರಿದು ಬೀಳುತ್ತೆ. ಕೆಲವರನ್ನು ಕೊಂದು ಕೆಲವರನ್ನು ಕರೆದೊಯ್ದ ಅಂತ ವಾದ ಮಾಡಬಹುದು. ಆದರೆ ಆಗ ಕಥೆಯ ಕಾರಣವೇ ಹೋಯಿತಲ್ಲ. ಬೇರೆಯವರ ಪಾಲಾಗಬಾರದು ಅಂತಿದ್ದವನು ಶತ್ರುವಿನ ಬಾಗಿಲ ತನಕ ಹೆಂಗಸರನ್ನು ಕರೆದುಕೊಂಡು ಹೋಗುತ್ತಾನಾ?

'63 ಹೆಂಡತಿಯರು' ಅನ್ನೋ ಮಾತೂ ಅಷ್ಟೆ. ಶರೀಯತ್ತಿನ ಪ್ರಕಾರ ಒಂದೇ ಹೊತ್ತಿಗೆ ನಾಲ್ಕಕ್ಕಿಂತ ಹೆಚ್ಚು ನಿಕಾಹ್ ಇಲ್ಲ. ಸರದಾರನ ಜನಾನಾ ಅಂದರೆ ಅಲ್ಲಿ ಉಪಪತ್ನಿಯರು, ದಾಸಿಯರು, ವಯಸ್ಸಾದ ನೆಂಟರು, ಹಾಡುವವರು, ಕೆಲಸದವರು ಎಲ್ಲರೂ ಇರುತ್ತಿದ್ದರು. ಕಥೆ ಹೇಳುವಾಗ ಎಲ್ಲರೂ 'ಹೆಂಡತಿ' ಆಗಿಬಿಡುತ್ತಾರೆ.

ಬಾವಿಯ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಹತ್ತಿರ ಬಾವಿ ಇದೆ, ತೋರಿಸುತ್ತಾರೆ. ನಮ್ಮ ಸೀಮೆಯಲ್ಲಿ ಬಾವಿ ಇಲ್ಲದ ಹಳೇ ಜಾಗ ಎಲ್ಲಿದೆ ಹೇಳಿ.

ಹಾಗಾದರೆ ಆ ಒಂದೇ ಅಳತೆಯ ಸಾಲುಗಳು? ಇದೇ ನಿಜವಾದ ಗಂಟು. ಎರಡು ರೀತಿ ಬಿಡಿಸಬಹುದು. ಬಹಳ ಜನ ಒಟ್ಟಿಗೇ ಸತ್ತರು, ಅದಕ್ಕೆ ಒಂದೇ ಅಚ್ಚು. ಇಲ್ಲವೇ, ಜನಾನಾದ ಹೆಂಗಸರಿಗೆ ಅಂತಲೇ ಒಂದು ಖಬರಸ್ತಾನ ಮಾಡಿ, ಸಾಲು ಹಾಕಿ, ಗುಂಡಿ ತೋಡಿ, ಒಂದೇ ಥರ ಕಲ್ಲು ಕೂರಿಸುತ್ತಾ ಬಂದರು. ಆ ಖಾಲಿ ಗುಂಡಿ ಎರಡನೇ ಮಾತಿಗೇ ಹೊಂದುತ್ತೆ ಅನ್ನೋದು ನನ್ನ ಅಭಿಪ್ರಾಯ. ಕೊಂದು ಹೂಳುವವನು ಹೆಣ ಎಣಿಸಿ ಗುಂಡಿ ತೋಡಿಸುತ್ತಾನೆ, ಒಂದು ಜಾಸ್ತಿ ಯಾಕೆ? ತಪ್ಪಿಸಿಕೊಂಡವಳಿಗಾಗಿ ತೋಡಿದ್ದು ಅಂತ ಕೆಲವರು ಹೇಳುತ್ತಾರೆ. ಅವಳನ್ನೂ ಹಿಡಿದು ಕೊಂದರು ಅಂತ ಅದೇ ಕಥೆ ಹೇಳುತ್ತೆ, ಹಾಗಿದ್ದ ಮೇಲೆ ಗುಂಡಿ ತುಂಬಬೇಕಿತ್ತು, ಅಲ್ವಾ? ಮುಂದೆ ಬರುವವರಿಗಾಗಿ ಮೊದಲೇ ತೋಡಿಟ್ಟ ಗುಂಡಿ ಇರಬಹುದು. ಮನೆಯ ಯಜಮಾನ ಸತ್ತು ಜನಾನಾ ಚದುರಿಹೋದ ಮೇಲೆ ಅದನ್ನು ತುಂಬಿಸೋರು ಯಾರೂ ಉಳಿದಿರಲಿಕ್ಕಿಲ್ಲ.

ಹೀಗಂದರೆ ಖಾನನಿಗೆ ಕ್ಲೀನ್ ಚಿಟ್ ಕೊಟ್ಟಂತಲ್ಲ. ಅವನೇನೂ ಮೃದು ಮನುಷ್ಯ ಆಗಿರಲಿಲ್ಲ. ಶಿರಾದ ನಾಯಕ ಕಸ್ತೂರಿ ರಂಗನನ್ನು ಮಾತುಕತೆಗೆ ಅಂತ ಡೇರೆಗೆ ಕರೆಸಿ ಕೊಂದ ಹೆಸರು ಅವನ ಮೇಲಿದೆ. ಅಂಥವನ ಬಗ್ಗೆ ಏನು ಹೇಳಿದರೂ ಜನ ನಂಬುತ್ತಿದ್ದರು. ಒಬ್ಬಿಬ್ಬರನ್ನು ಕೊಲ್ಲಿಸಿದ್ದು 200 ಆಗಿ, ಆಮೇಲೆ ಗೋರಿ ಎಣಿಸಿದವರು ಅದನ್ನು 63ಕ್ಕೆ ಇಳಿಸಿರಲೂಬಹುದು. ಕಥೆಗಳಲ್ಲಿ ಸಂಖ್ಯೆ ಏರೋದೇ ಜಾಸ್ತಿ. ಇಳಿದದ್ದನ್ನು ನಾನು ಕಂಡದ್ದು ಇಲ್ಲೊಂದೇ ಕಡೆ.

ಹೋಗೋದಾದರೆ ಬೆಳಿಗ್ಗೆ ಹೋಗಿ, ಹತ್ತಕ್ಕೆಲ್ಲ ಕಲ್ಲು ಕಾದುಬಿಡುತ್ತೆ. ಕಾಲಿಗೆ ಚಪ್ಪಲಿ ಬೇಡ, ಬೂಟೇ ಇರಲಿ, ಜಾಲಿ ಮುಳ್ಳು ಬಿದ್ದಿರುತ್ತೆ. ಎಣಿಸೋ ಮನಸ್ಸಿದ್ದರೆ ಒಬ್ಬರೇ ಎಣಿಸಬೇಡಿ. ಕಳೆದ ಸಲ ಬಾಗಲಕೋಟೆಯ ನಮ್ಮ ಚಿಕ್ಕಮ್ಮ ಬಂದಿದ್ದರು. ನಾನು ಆ ತುದಿಯಿಂದ, ಅವರು ಈ ತುದಿಯಿಂದ ಎಣಿಸುತ್ತಾ ಬಂದೆವು. ನನಗೆ ಸಿಕ್ಕಿದ್ದು 62. ಚಿಕ್ಕಮ್ಮ 64 ಅಂದರು. 'ಆ ಖಾಲಿ ಗುಂಡೀನೂ ಸೇರಿಸಿದ್ರಾ?' ಅಂದೆ. 'ಅದನ್ಯಾಕ ಬಿಡಬೇಕು, ಅದೂ ಯಾರದೋ ಅಲ್ಲೇನು?' ಅಂದು ಸೆರಗಿನಿಂದ ಮುಖ ಒರೆಸಿಕೊಂಡು ಆಟೋ ಕಡೆ ನಡೆದರು.