‘ಹಾಲೆಲೂಯಾ’ ಕೇಳಲು ಹಾರ್ಮೋನಿಯಂ ಮುಂದೆ ಒಂದು ತಯಾರಿ

ಶಿರಸಿಯಲ್ಲಿ ಹಿಂದೂಸ್ತಾನಿ ಕಲಿಯುತ್ತಿರುವ ನಾವು, ಕಾರವಾರದ ಗೆಳೆಯರನ್ನೂ ಕೂಡಿಕೊಂಡು, ಪಣಜಿಗೆ ‘ಮೆಸ್ಸಾಯಾ’ ಕೇಳಲು ಹೊರಟಿದ್ದೇವಷ್ಟೆ. ಹಲವು ದನಿಗಳು ಒಟ್ಟಿಗೆ ಬೇರೆ ಬೇರೆ ಸಾಲು ಹಾಡುವ ಪಾಶ್ಚಾತ್ಯ ಮೇಳಗಾನದ ಕೃತಿ ಇದು. ಹಿಂದೊಮ್ಮೆ ಇದನ್ನು ಎದುರು ಕುಳಿತು ಕೇಳಿದಾಗ ನಾನು ಮೇಲಿನ ಹೆಣ್ಣುದನಿಯ ಬೆನ್ನು ಹತ್ತಿ, ಕೆಳಗಿನದೆಲ್ಲವನ್ನೂ ಕಳೆದುಕೊಂಡಿದ್ದೆ. ರಾಗದ ಒಂದೇ ಎಳೆಗೆ ಪಳಗಿದ ಕಿವಿಗೆ ಹಾಗಾಗುವುದು ಸಹಜ. ಅದಕ್ಕೇ ಈ ಟಿಪ್ಪಣಿ.

ಕೃತಿಯ ಬಗ್ಗೆ ಇಷ್ಟು ಸಾಕು: ಪಾಶ್ಚಾತ್ಯ ಸಂಗೀತ ರಚನೆಕಾರ ಹ್ಯಾಂಡೆಲ್ 1741ರಲ್ಲಿ 24 ದಿನಗಳಲ್ಲಿ ರಚಿಸಿದ್ದು, ಮೊದಲ ಪ್ರದರ್ಶನ 1742ರ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ. ಮೂರು ಭಾಗಗಳಲ್ಲಿ ಎರಡನೆಯದರ ಕೊನೆಗೆ ‘ಹಾಲೆಲೂಯಾ’ ಎಂಬ ಮೇಳಗಾನ ಬರುತ್ತದೆ.

ಮೊದಲು ಹಾರ್ಮೋನಿಯಂ ತೆಗೆಯಿರಿ. ಬಿಳಿ ಎರಡನ್ನು, ಎಂದರೆ ಸಪ್ತಕದ ಎರಡನೆಯ ಬಿಳಿ ಮನೆಯನ್ನು, ಷಡ್ಜ ಮಾಡಿಕೊಳ್ಳಿ. ‘ಹಾಲೆಲೂಯಾ’ದ ಶ್ರುತಿ ಅದೇ. ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಈಗ ಸ ಬಿಡದೆ, ಗ–ಪ ಜಾಗದಲ್ಲಿ ಮ–ಧ ಒತ್ತಿ. ಸ ಕದಲಲಿಲ್ಲ, ಆದರೂ ಅದರ ಬಣ್ಣ ಬೇರೆಯಾಯಿತು. ಹತ್ತು ಸಲ ಮಾಡಿ, ದಯವಿಟ್ಟು. ಓದಿ ತಿಳಿಯುವ ಮಾತಲ್ಲ ಇದು.

ಮೇಳದಲ್ಲಿ ಹೆಂಗಸರ ಮೇಲುದನಿ ಸೊಪ್ರಾನೊ, ತಗ್ಗುದನಿ ಆಲ್ಟೊ. ಗಂಡಸರ ಮೇಲುದನಿ ಟೆನರ್, ತಗ್ಗುದನಿ ಬಾಸ್. ‘ಹಾಲೆಲೂಯಾ’ದ ನಡುವೆ ಬಾಸ್ ಒಂದು ಸಾಲನ್ನು ಒಂಟಿಯಾಗಿ ಎತ್ತಿಕೊಳ್ಳುತ್ತದೆ. ಅದನ್ನೇ ಟೆನರ್, ಆಮೇಲೆ ಆಲ್ಟೊ, ಕೊನೆಗೆ ಸೊಪ್ರಾನೊ ಹಿಡಿಯುತ್ತವೆ. ಮೊದಲು ಹಾಡಿದವರು ಸುಮ್ಮನಾಗುವುದಿಲ್ಲ, ಬೇರೆ ಸಾಲು ಹಿಡಿದು ಮುಂದೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಕಿವಿಯನ್ನು ಬಾಸ್ ಮೇಲೆಯೇ ಇಡಿ. ಬಳಿಕ ಮೇಲಿನ ದನಿ ಒಂದೊಂದೇ ಸ್ವರದ ಮೇಲೆ ದೀರ್ಘವಾಗಿ ನಿಲ್ಲುತ್ತ ಏರುತ್ತದೆ: ಮಧ್ಯದ ಪ, ಅಲ್ಲಿಂದ ತಾರ ಸ, ರಿ, ಗ, ಮ. ನಿಂತ ಸ್ವರದ ಕೆಳಗೆ ಉಳಿದವರು ಬಿಡದೆ ಓಡುತ್ತಿರುತ್ತಾರೆ. ನನಗೆ ಪ್ರತಿ ಸಲವೂ ಇಲ್ಲಿ ಮೈ ಜುಮ್ಮೆನ್ನುತ್ತದೆ.

ಟಿಂಪನಿಯನ್ನೂ ಗಮನಿಸಿ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಚಂಡೆಯನ್ನು ಆವೇಶದ ಗಳಿಗೆಗೆ ಕಾದಿಡುವಂತೆ, ಹ್ಯಾಂಡೆಲ್ ಈ ಜೋಡಿ ನಗಾರಿಗಳನ್ನು ಇಲ್ಲಿಯವರೆಗೆ ಮುಟ್ಟುವುದೇ ಇಲ್ಲ. ಅವುಗಳ ಶ್ರುತಿ ನಮಗೆ ಗುರುತಿನದೇ: ಒಂದು ಸ, ಇನ್ನೊಂದು ಪ.

ಕೊನೆಯಲ್ಲಿ ಎಲ್ಲರೂ ಥಟ್ಟನೆ ನಿಲ್ಲುತ್ತಾರೆ. ಮುಗಿಯಿತೆಂದು ಚಪ್ಪಾಳೆ ತಟ್ಟಬೇಡಿ. ಆ ಮೌನದ ನಂತರ ನಿಧಾನವಾಗಿ ಒಂದೇ ಒಂದು ‘ಹಾಲೆಲೂಯಾ’ ಉಳಿದಿದೆ: ಮೊದಲು ಮ–ಧ–ಸ, ಆಮೇಲೆ ಸ–ಗ–ಪ. ನೀವು ಮನೆಯಲ್ಲಿ ಹತ್ತು ಸಲ ಒತ್ತಿ ಬಂದ ಅವೇ ಮನೆಗಳು.